ಸಮುದ್ರ ಇಲ್ಲದ ಊರಾಗ ಇದ್ದು ದೊಡ್ಡ ಅಲೆ ಸರ್ಫರ್ ಆಗೂದು ಸಾಧ್ಯ ಐತೇನ್ರಿ?

ಬೆಟಗೇರಿ ಮಗ್ಗ · ಭಾನುವಾರ, ರಾತ್ರಿ 8:40

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಮನಿ ಹುಡುಗ, ಗದಗಿನಾಂವ, ವಯಸ್ಸು 18, ಪಿಯುಸಿ ಮುಗಿದೈತಿ. ಈಸಾಕ ಚಲೋ ಬರ್ತೈತಿ, ಮಲ್ಲಕಂಬ ರೂಢಿ ಐತಿ. ಪೋರ್ಚುಗಲ್ಲಿನ ನಜಾರೆ ಊರಿನ ದೊಡ್ಡ ಅಲೆ ವಿಡಿಯೋ ನೋಡಿ ನೋಡಿ, ಬೋರ್ಡ್ ಮ್ಯಾಲೆ ನಿಂತು ಅಲೆ ಏರೂ ಈ ಸರ್ಫಿಂಗನ್ನ ವೃತ್ತಿ ಮಾಡ್ಕೋತೀನಿ ಅಂತ ಹಟ ಹಿಡದಾನ. ಸುಮ್ನ ಬೈಯೂದಕ್ಕಿಂತ ತಿಳಕೊಂಡು ಹೇಳೂಣು ಅಂತ ಕೇಳಾಕತ್ತೀನಿ. ಪಗಾರ ಎಲ್ಲಿಂದ ಬರ್ತೈತಿ? ಜೀವಕ್ಕ ಅಪಾಯ ಖರೇನ ಎಲ್ಲಿರ್ತೈತಿ? ಇಲ್ಲೇ ಇದ್ದು ಈಗ ಏನರ ಕಲಿಯಾಕ ಬರ್ತೈತೇನು? "ಹುಚ್ಚು ಬಿಡು ಅನ್ರಿ" ಅನ್ನೂ ಉತ್ತರ ಬ್ಯಾಡ, ಅದನ್ನ ಮನ್ಯಾಗ ಎಲ್ಲಾರೂ ಹೇಳಿ ಆಗೈತಿ.

ನೃಪತುಂಗ ಬೆಟ್ಟ · ರಾತ್ರಿ 9:12

ಸಾಧ್ಯ ಐತ್ರಿ. ಗಿನ್ನೆಸ್ ಒಪ್ಪಿದ ಅತಿ ಎತ್ತರದ ಸವಾರಿ ಸೆಬಾಸ್ಟಿಯನ್ ಸ್ಟಾಯ್ಟ್‌ನರ್ ಅವರದು: 26.21 ಮೀಟರ್, ಅಂದ್ರ 86 ಅಡಿ, ನಜಾರೆ, 29 ಅಕ್ಟೋಬರ್ 2020. ಅವ್ರು ಜರ್ಮನಿಯ ನ್ಯೂರೆಂಬರ್ಗ್ ಕಡೆಯವ್ರು. ಗದಗಿನಿಂದ ಕಾರವಾರ ಎಷ್ಟು ದೂರ ಐತಿ, ಅಲ್ಲಿಂದ ಸಮುದ್ರ ಅದರ ಎರಡು ಪಟ್ಟಿಗಿಂತ ದೂರ. 16ನೇ ವಯಸ್ಸಿಗೆ ಹವಾಯಿಗೆ ಹೋದ್ರು, ಆ ಅಲೆ ಸಿಕ್ಕಿದ್ದು 35ಕ್ಕ. ನಡುವಿನ ಆ 19 ವರ್ಷದ ಲೆಕ್ಕ ಹುಡುಗಗ ಮೊದಲ ಹೇಳ್ರಿ.

ಇದು ಕ್ರಿಕೆಟ್ಟಿನಂಗ 22ಕ್ಕ ಏರಿ 34ಕ್ಕ ಇಳಿಯೂ ಆಟ ಅಲ್ಲ. ಗ್ಯಾರೆಟ್ ಮೆಕ್‌ನಮಾರಾ 2011ರ ನವೆಂಬರಿನ್ಯಾಗ ನಜಾರೆಯೊಳಗ 78 ಅಡಿ ಅಲೆ ಏರಿದಾಗ ಅವ್ರಿಗೆ 44. ದೇಹದ ಚುರುಕಿಗಿಂತ ಸಮುದ್ರ ಓದೂ ಕಣ್ಣು ದೊಡ್ಡದು, ಅದು ತಡಾಗಿ ಬರ್ತೈತಿ.

ಪಗಾರದ ವಿಷಯ: ಬರೇ ಸರ್ಫಿಂಗಿನ ಮ್ಯಾಲೆ ಹೊಟ್ಟಿ ಹೊರಿಯೂ ಮಂದಿ ಬಾಳ ಕಡಿಮಿ. ಇಂಗ್ಲೆಂಡಿನ ಆಂಡ್ರ್ಯೂ ಕಾಟನ್ ನಳದ ಕೆಲಸ ಕಲಿತವ್ರು, ಬೀಚಿನ ಜೀವರಕ್ಷಕ ಕೆಲಸಾನೂ ಮಾಡ್ಯಾರ. ಕ್ಯಾಲಿಫೋರ್ನಿಯಾದ ಮಾವೆರಿಕ್ಸ್ ಅನ್ನೂ ದೊಡ್ಡ ಅಲೆ ಜಾಗದಾಗ 1999ರಾಗ ಇಳಿದ ಮೊದಲನೇ ಹೆಣ್ಮಗಳು ಸಾರಾ ಗೆರ್‌ಹಾರ್ಟ್, ರಸಾಯನಶಾಸ್ತ್ರದ ಪ್ರಾಧ್ಯಾಪಕಿ. 2023ರ ಜನವರಿಯೊಳಗ ಹವಾಯಿಯ ವೈಮಿಯಾದ 'ಎಡ್ಡಿ' ಸ್ಪರ್ಧೆ ಗೆದ್ದ ಲೂಕ್ ಶೆಫರ್ಡ್‌ಸನ್ ಅವತ್ತು ಅದೇ ಬೀಚಿನ್ಯಾಗ ಜೀವರಕ್ಷಕ ಡ್ಯೂಟಿ ಮ್ಯಾಲೆ ಇದ್ರು. ತಮ್ಮ ಪಾಳಿ ಬಂದಾಗ ನೀರಿಗೆ ಇಳದು, ಮುಗಿಸಿ ತಿರುಗಿ ಡ್ಯೂಟಿಗೆ ನಿಂತ್ರು.

ಮಿರ್ಚಿ ಗಿರ್ಮಿಟ್ · ರಾತ್ರಿ 9:20

86 ಏನ್ರಿ, 100 ಅಡಿ ಅಲೆ ಏರ್ಯಾರ ಅಂತ ರೀಲ್ಸ್‌ನ್ಯಾಗ ದಿನಾ ಬರ್ತೈತಲ್ಲ.

ಅಲೆ ಲೆಕ್ಕ · ರಾತ್ರಿ 9:51

ರೀಲ್ಸ್ ಅಳತೆಗೆ ಟೇಪು ಇರುವುದಿಲ್ಲ. ಅಲೆಯ ಎತ್ತರವನ್ನು ಚಿತ್ರದಿಂದಲೇ ಅಳೆಯಬೇಕು, ಸಮಸ್ಯೆ ಅಲ್ಲಿಯೇ. ತುದಿ ಎಲ್ಲಿದೆ ಎಂಬುದು ಕಾಣುತ್ತದೆ, ಬುಡ ಎಲ್ಲಿ ಎಂಬುದರಲ್ಲಿ ಜಗಳ. ನೀರು ಇಳಿಜಾರಾಗಿ ಸಮತಟ್ಟಿಗೆ ಸೇರುವ ಜಾಗವನ್ನು ಎರಡು ಮೀಟರ್ ಕೆಳಗೆ ಹಿಡಿದರೆ ದಾಖಲೆ, ಮೇಲೆ ಹಿಡಿದರೆ ಏನೂ ಇಲ್ಲ. ಸ್ಟಾಯ್ಟ್‌ನರ್ ಅಲೆಗೆ ಕ್ಯಾಮೆರಾ ನಿಂತ ಜಾಗ, ಕೋನ ಎಲ್ಲವನ್ನೂ ಲೆಕ್ಕ ಹಾಕಿ, ಅವರ ಮೊಣಕಾಲಿನಿಂದ ಹಿಮ್ಮಡಿವರೆಗಿನ ಉದ್ದವನ್ನು ಅಳತೆಗೋಲು ಮಾಡಿಕೊಂಡರು. 2020ರ ಅಕ್ಟೋಬರ್ ಅಲೆಗೆ ದಾಖಲೆ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. 2024ರ ಫೆಬ್ರವರಿಯಲ್ಲಿ ಅವರದೇ ಇನ್ನೊಂದು ಅಲೆಯನ್ನು ಡ್ರೋನ್‌ನಿಂದ ಅಳೆದು 93 ಅಡಿ ದಾಟಿದೆ ಎಂದರು. ಅದು ಗಿನ್ನೆಸ್ ಅಂಕಿ ಅಲ್ಲ.

ಇನ್ನೊಂದು ಗೊಂದಲ: ಹವಾಯಿಯವರು ಅಲೆಯನ್ನು ಹಿಂದಿನಿಂದ ನೋಡಿದಂತೆ ಹೇಳುತ್ತಾರೆ. ಅವರ 20 ಅಡಿ ಎಂದರೆ ಮುಂಭಾಗ ಹತ್ತಿರ ಹತ್ತಿರ 40 ಅಡಿ. 'ಎಡ್ಡಿ' ನಡೆಸಲು 20 ಅಡಿ ಬೇಕು ಎನ್ನುವುದು ಈ ಲೆಕ್ಕದಲ್ಲಿ. ಅದಕ್ಕೇ ಎಷ್ಟೋ ಚಳಿಗಾಲ ಆ ಸ್ಪರ್ಧೆ ನಡೆಯದೆಯೇ ಮುಗಿಯುತ್ತದೆ.

ಬೆಟಗೇರಿ ಮಗ್ಗ · ರಾತ್ರಿ 10:05

ಸರ್, ಹಂಗಾರ ಅಷ್ಟು ದೊಡ್ಡ ಅಲೆ ಅಲ್ಲೇ ಯಾಕ? ಆಷಾಢದಾಗ ನಮ್ಮ ಅಂಕೋಲಾ, ಕಾರವಾರದ ಸಮುದ್ರಾನೂ ಸಿಟ್ಟಿಗೆದ್ದಿರ್ತೈತಲ್ಲ?

ಅಲೆ ಲೆಕ್ಕ · ರಾತ್ರಿ 10:48

ಒಳ್ಳೆಯ ಪ್ರಶ್ನೆ. ಹುಡುಗ ಮೊದಲು ಕಲಿಯಬೇಕಾದದ್ದೂ ಇದೇ, ಇದಕ್ಕೆ ನೀರು ಬೇಕಿಲ್ಲ, ಪೆನ್ನು ಸಾಕು.

ಅಲೆಯ ಎತ್ತರಕ್ಕಿಂತ ಮೊದಲು ಅದರ ಅವಧಿ ನೋಡಬೇಕು. ಅವಧಿ ಎಂದರೆ ಒಂದು ತುದಿ ದಾಟಿದ ಮೇಲೆ ಇನ್ನೊಂದು ತುದಿ ಬರಲು ಹಿಡಿಯುವ ಸೆಕೆಂಡು. ಆಳ ಸಮುದ್ರದಲ್ಲಿ ಅಲೆಯ ಉದ್ದ (ಮೀಟರಿನಲ್ಲಿ) = 1.56 × ಅವಧಿ × ಅವಧಿ. ಹತ್ತು ಸೆಕೆಂಡಿನ ಅಲೆ 156 ಮೀಟರ್ ಉದ್ದ. ಹದಿನೆಂಟು ಸೆಕೆಂಡಿನದು 505 ಮೀಟರ್. ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ನೆಲ ತಾಗಲು ಶುರು. ಅಂದರೆ ಮೊದಲನೆಯದಕ್ಕೆ 78 ಮೀಟರಿನಲ್ಲಿ, ಎರಡನೆಯದಕ್ಕೆ 250 ಮೀಟರ್ ಆಳದಲ್ಲೇ. ಆದ್ದರಿಂದ ಉದ್ದ ಅವಧಿಯ ಅಲೆಯನ್ನು ಸಮುದ್ರತಳ ಬಾಗಿಸಬಲ್ಲದು, ಗುಡ್ಡೆ ಹಾಕಬಲ್ಲದು.

ನಜಾರೆಯಲ್ಲಿ ಆಗುವುದು ಅದೇ. ದಡದ ಬಾಯಿಗೇ ಬಂದು ನಿಲ್ಲುವ ಒಂದು ಕಂದಕ ಸಮುದ್ರದೊಳಗೆ 200 ಕಿಲೋಮೀಟರಿಗಿಂತ ಹೆಚ್ಚು ಚಾಚಿದೆ, ತುದಿಯಲ್ಲಿ ಸುಮಾರು 5,000 ಮೀಟರ್ ಆಳ. ಒಂದೇ ಅಲೆಯ ಒಂದು ಭಾಗ ಕಂದಕದ ಮೇಲೆ ವೇಗ ಕಳೆದುಕೊಳ್ಳದೆ ಬರುತ್ತದೆ, ಪಕ್ಕದ ಭಾಗ ಆಳ ಕಡಿಮೆ ಇರುವಲ್ಲಿ ನಿಧಾನವಾಗಿ ಬಾಗುತ್ತದೆ. ಎರಡೂ ಪ್ರಾಯಾ ದೊ ನೋರ್ತೆ ಬೀಚಿನ ಮುಂದೆ ಕೂಡುತ್ತವೆ. ತುದಿಯ ಮೇಲೆ ತುದಿ ಕೂತರೆ ಎತ್ತರ ಕೂಡಿಕೊಳ್ಳುತ್ತದೆ. ಅದಕ್ಕೇ ವಿಡಿಯೋದಲ್ಲಿ ಕೋಟೆಯ ಮುಂದೆ ಗುಡಿಯ ಶಿಖರದ ಹಾಗೆ ಮೂರು ಮೂಲೆಯಾಗಿ ಅಲೆ ಏಳುವುದು.

ನಮ್ಮ ಮಳೆಗಾಲದ ಅಲೆಯ ಅವಧಿ ಸಾಧಾರಣ 9ರಿಂದ 12 ಸೆಕೆಂಡು. ಗಾಳಿ ಸಮುದ್ರದಿಂದ ದಡಕ್ಕೆ ಬೀಸುವುದರಿಂದ ಅಲೆಯ ಮುಖ ಚೂರುಚೂರು. ತಳ ಸೌಮ್ಯವಾಗಿ ಏರುವುದರಿಂದ ದೂರದಲ್ಲೇ ಒಡೆದು ನೊರೆಯಾಗುತ್ತದೆ. ಸಿಟ್ಟು ಇದೆ, ಆಕಾರ ಇಲ್ಲ. ಉದ್ದ ಅವಧಿಯ ಅಲೆ ನಮಗೂ ಬರುತ್ತದೆ: ದಕ್ಷಿಣ ಹಿಂದೂ ಮಹಾಸಾಗರದ ಚಂಡಮಾರುತದಿಂದ ಹುಟ್ಟಿ ಏಪ್ರಿಲ್–ಮೇ ಸುಮಾರಿಗೆ ಗಾಳಿ ಇಲ್ಲದ ದಿನ ಕೇರಳದ ಮನೆ ಅಂಗಳಕ್ಕೆ ನುಗ್ಗುವ 'ಕಳ್ಳಕ್ಕಡಲ್' ಅದೇ. ಅದರ ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ. ಅವರ ಅಲೆ ಮುನ್ಸೂಚನೆ ನಕ್ಷೆ ದಿನಾ ನೋಡಿ ರೂಢಿ ಮಾಡಿಕೊಳ್ಳಲಿ.

ಒಂದು ಲೆಕ್ಕ ಅವನಿಗೆ ಕೊಡಿ. ಅಲೆಗಳ ಗುಂಪಿನ ವೇಗ, ಒಂದು ಅಲೆಯ ವೇಗದ ಅರ್ಧ: ಸೆಕೆಂಡಿಗೆ 0.78 × ಅವಧಿ ಮೀಟರ್. 3,000 ಕಿಲೋಮೀಟರ್ ದೂರದ ಚಂಡಮಾರುತದಿಂದ 18 ಸೆಕೆಂಡಿನ ಅಲೆ ದಡಕ್ಕೆ ಬರಲು ಎಷ್ಟು ತಾಸು, 12 ಸೆಕೆಂಡಿನದು ಎಷ್ಟು ತಾಸು? (ಸುಮಾರು 59 ಮತ್ತು 89.) ಈ ಎರಡು ಅಂಕಿ ಗೊತ್ತಿದ್ದವನು ವಿಮಾನದ ಟಿಕೆಟು ಯಾವ ದಿನಕ್ಕೆ ತೆಗೆಯಬೇಕು ಎಂದು ತಿಳಿಯುತ್ತಾನೆ. ದೊಡ್ಡ ಅಲೆ ಸರ್ಫರ್ ಬದುಕಿನ ಅರ್ಧ ಇದೇ, ನಕ್ಷೆ ನೋಡುತ್ತ ಕೂರುವುದು.

ಕಾಳಿ ಹೊಳಿ · ಸೋಮವಾರ, ಬೆಳಿಗ್ಗೆ 6:30

ಮ್ಯಾಲಿನದಕ್ಕ ಸೇರಿಸಿ: ಇಪ್ಪತ್ತು ಮೀಟರ್ ಆಳದ ನೀರಾಗ ಅಲೆಯ ವೇಗ ತಾಸಿಗೆ 50 ಕಿ.ಮೀ. ಕೈಯಿಂದ ಹುಟ್ಟು ಹಾಕಿದ್ರ ತಾಸಿಗೆ ಏಳೆಂಟು. ಅಲೆ ಸಾಕಷ್ಟು ಕಡಿದಾಗಿ ನಿಂತಾಗ ಮಾತ್ರ ಕೈಯಿಂದ ಹಿಡಿಯಾಕ ಆಗ್ತದ. ಅದಕ್ಕ ಬೋರ್ಡು ಉದ್ದ, 9ರಿಂದ 11 ಅಡಿ, 'ಗನ್' ಅಂತಾರ. ಒಂದು ಅಳತಿ ದಾಟಿದ ಮ್ಯಾಲೆ ಅದೂ ಸಾಲೂದಿಲ್ಲ. 90ರ ದಶಕದ ಶುರುವಿನ್ಯಾಗ ಲೇರ್ಡ್ ಹ್ಯಾಮಿಲ್ಟನ್, ಬಜ್ಜಿ ಕರ್‌ಬಾಕ್ಸ್, ಡ್ಯಾರಿಕ್ ಡೋರ್ನರ್ ಮೊದಲ ರಬ್ಬರ್ ದೋಣಿ, ಆಮ್ಯಾಲೆ ಜೆಟ್ ಸ್ಕೀಗೆ (ನೀರಿನ ಮ್ಯಾಲೆ ಓಡೂ ಬೈಕಿನಂಥಾ ಗಾಡಿ) ಹಗ್ಗ ಕಟ್ಟಿ ಎಳಿಸ್ಕೊಂಡ್ರು. ಎಳಿಸ್ಕೊಳ್ಳೂ ಬೋರ್ಡು 6 ಅಡಿ ಆಸುಪಾಸು, ಕಾಲಿಗೆ ಪಟ್ಟಿ, ಒಳಗ ಸೀಸ ಹಾಕಿ ಬೇಕಂತಲೇ ಭಾರ ಮಾಡಿರ್ತಾರ. ಹಗುರ ಇದ್ರ ಆ ವೇಗದಾಗ ಕುರುಕಲು ನೀರಿನ ಮ್ಯಾಲೆ ಟಣಟಣ ಪುಟೀತದ. ಹಗ್ಗ ಹತ್ತು–ಹನ್ನೆರಡು ಮೀಟರ್.

ಎಳಿಸ್ಕೊಂಡು ಏರೂದು ಖರೇ ಸರ್ಫಿಂಗ್ ಹೌದೋ ಅಲ್ಲೋ ಅಂತ ಅವರವರೊಳಗೇ ಇನ್ನೂ ಜಗಳ ಅದ. ನನ್ನ ಕೇಳಿದ್ರ ಅದು ಎರಡು ಬ್ಯಾರೆ ಆಟ. ಹುಡುಗ ಮೊದಲ ಕೈಯಿಂದ ಹಿಡಿಯೂದನ್ನೇ ಕಲೀಬೇಕು, ಹಗ್ಗ ಹಿಡದು ಬಂದಾಂವಗ ಅಲೆ ಎಲ್ಲೇ ನಿಂದರ್ತದ ಅನ್ನೂ ಅಂದಾಜು ಬರೂದಿಲ್ಲ.

ಕೆಳಗೇರಿ ದಂಡಿ · ಸೋಮವಾರ, ಮಧ್ಯಾಹ್ನ 2:15

ಅಪಾಯ ಎಲ್ಲಿ ಅಂತ ಕೇಳ್ಯಾರ, ಯಾರೂ ಅದಕ್ಕ ಇನ್ನೂ ಬಂದಿಲ್ಲ. ಬೀಳೂದು ಅಪಾಯದ ಶುರು ಅಷ್ಟ. ಕೊಲ್ಲೂದು ನೀರಿನ ಕೆಳಗ ಇರೂ ಹೊತ್ತು.

ಬಿದ್ದಾಂವನ್ನ ಅಲೆ ಕೆಳಗ ಒತ್ತಿ ಹಿಡೀತದ. ಅಲೆ ದಾಟಿ ಹೋಗೂತನಕ ಮ್ಯಾಲೆ ಬರಾಕ ಬಿಡೂದಿಲ್ಲ. ಮುಂದಿನ ಅಲೆಗೆ ಅಂತರ 15–20 ಸೆಕೆಂಡು, ಅಷ್ಟರಾಗ ಮ್ಯಾಲೆ ಬರಲಿಲ್ಲಂದ್ರ ಅದೂ ತಲಿ ಮ್ಯಾಲೆ, ಅದು 'ಎರಡಲೆ ಹಿಡಿತ'. ಮಂಚದ ಮ್ಯಾಲೆ ಮಲಗಿ ನಾಕು ನಿಮಿಷ ಉಸಿರು ಹಿಡಿಯೂ ಮನುಷ್ಯಗೂ ಅಲ್ಲೇ ಒಂದು ನಿಮಿಷ ಆಗೂದಿಲ್ಲ, ಯಾಕಂದ್ರ ಎದಿ ಡವಡವ ಬಡಕೋತಿರ್ತದ, ಬೀಳೂ ಪೆಟ್ಟಿಗೆ ಅರ್ಧ ಉಸಿರು ಹಾರಿ ಹೋಗಿರ್ತದ.

ಈಸಿ ಮ್ಯಾಲೆ ಬರಬಹುದಲ್ಲ ಅಂತೀರಿ. ನೊರೆ ನೀರಾಗ ಅರ್ಧ ಗಾಳಿ, ಕೈಗೆ ಹಿಡಿತ ಸಿಗೂದಿಲ್ಲ, ಮೈ ತೇಲೂದೂ ಇಲ್ಲ. ಕತ್ತಲಿ. ಮ್ಯಾಲೆ ಯಾವ ಕಡೆ ಅನ್ನೂದೇ ಗೊತ್ತಾಗೂದಿಲ್ಲ. ಅದಕ್ಕ ಮೊದಲಿನ ಹೊತ್ತು ಒದ್ಯಾಡಬಾರದು. ಮೊಣಕಾಲು ಎದಿಗೆ ಎಳಕೊಂಡು, ಕೈಯಿಂದ ತಲಿ–ಕಿವಿ ಮುಚ್ಚಿ ಮುದ್ದಿಯಂಗ ಇರಬೇಕು. ಕೈಕಾಲು ಬಿಚ್ಚಿದ್ರ ಭುಜ ಕಳಚ್ತದ, ಕಿವಿ ತೆರದಿದ್ರ ತಮಟೆ ಹರೀತದ. ಕಿವಿತಮಟೆ ಹರಿದ್ರ ತಲಿ ಗಿರ್ರ್ ಅಂತದ, ಆವಾಗ ಮ್ಯಾಲೆ–ಕೆಳಗ ಅನ್ನೂದು ಪೂರ್ತಿ ತಪ್ಪಿ ಹೋಗ್ತದ. ಹಿಡಿತ ಸಡಿಲಾದಾಗ ಕಾಲಿಗೂ ಬೋರ್ಡಿಗೂ ಕಟ್ಟಿದ ಹಗ್ಗ, ಅಂದ್ರ ಲೀಶ್, ಹಿಡದು ಏರಬೇಕು, ಬೋರ್ಡು ಮ್ಯಾಲೆ ತೇಲ್ತಿರ್ತದಲ್ಲ.

ಗಾಳಿ ತುಂಬೂ ಜಾಕೀಟು: 2010ರಾಗ ಮಾವೆರಿಕ್ಸ್‌ನ್ಯಾಗ ಶೇನ್ ಡೋರಿಯನ್ ಎರಡಲೆ ಹಿಡಿತಕ್ಕ ಸಿಕ್ಕು ಉಳದ್ರು, ಆಮ್ಯಾಲೆ ಈ ಜಾಕೀಟು ಮಾಡಿಸಿದ್ರು. ಎದಿ ಹತ್ರ ಎಳಿಯೂ ಪಟ್ಟಿ, ಎಳದ್ರ ಸಣ್ಣ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ತೂತು ಬಿದ್ದು ಚೀಲ ಉಬ್ಬತದ. ಇದನ್ನ ಹಾಕ್ಕೊಂಡ್ರ ಮುಗೀತು ಅಂತ ತಿಳದವ್ರು ತಿಳೀಬೇಕಾದ್ದು:

– ಭಾಳ ಮೊದಲ ಎಳದ್ರ, ಅಲೆಯ ತುಟಿ (ಮುಂದ ಬಾಗಿದ ತುದಿ) ಇನ್ನೂ ಉರುಳೋದ್ರೊಳಗ ನೀವು ತೇಲಾಕ ಹತ್ತಿರ್ತೀರಿ. ಅದು ನಿಮ್ಮನ್ನ ಮ್ಯಾಲೆ ಎಳಕೊಂಡು ಹೋಗಿ ಮತ್ತೊಮ್ಮಿ ಬೀಸಿ ಒಗೀತದ.
– ಹತ್ತು ಮೀಟರ್ ಆಳದಾಗ ಒತ್ತಡ ಎರಡು ಪಟ್ಟು, ಚೀಲದ ಗಾಳಿ ಅರ್ಧ. ಬೇಕಾದಲ್ಲೇ ಅದರ ಬಲ ಕಡಿಮಿ.
– ಉಬ್ಬಿದ ಮ್ಯಾಲೆ ಮುಂದಿನ ಅಲೆಯ ಕೆಳಗ ಮುಳುಗಾಕ ಬರೂದಿಲ್ಲ. ಗಾಳಿ ಬಿಡೂ ಪಟ್ಟಿ ಬ್ಯಾರೆ ಇರ್ತದ, ಕಣ್ಣು ಮುಚ್ಚಿ ಕೈಗೆ ಸಿಗೂ ಹಂಗ ನೂರು ಸಲ ರೂಢಿ ಮಾಡಿರಬೇಕು.
– ಸಿಲಿಂಡರ್ ಒಮ್ಮಿ ಬಳಸಿದ್ರ ಮುಗೀತು. ಪ್ರತಿ ಸಲ ಇಳಿಯೂದಕ್ಕಿಂತ ಮೊದಲ ತೂತು ಬಿದ್ದದ್ದೋ ಹೊಸಾದೋ ಅಂತ ತಿರುವಿ ತಗದು ನೋಡಬೇಕು. ಉಪ್ಪುನೀರಿಗೆ ಸೂಜಿ ತುಕ್ಕು ಹಿಡೀತದ, ಸಿಹಿನೀರಿನ್ಯಾಗ ತೊಳೀಬೇಕು. ವಿಮಾನದಾಗ ಒಯ್ಯಾಕ ಕಂಪನಿಯ ಅನುಮತಿ ಮೊದಲ ತಗೋಬೇಕು, ಇಲ್ಲಂದ್ರ ತಪಾಸಣಿಯೊಳಗ ಕಿತ್ತುಕೋತಾರ.

2011ರಾಗ ಸಿಯಾನ್ ಮಿಲೋಸ್ಕಿ ಮಾವೆರಿಕ್ಸ್‌ನ್ಯಾಗ ಮುಳುಗಿ ಹೋದ ಮ್ಯಾಲೆ ಅವರ ಗೆಳೆಯರು ಕೋಲ್ ಕ್ರಿಶ್ಚನ್‌ಸನ್, ಡ್ಯಾನಿಲೋ ಕೌಟೋ ಸೇರಿ ಸುರಕ್ಷತಾ ತರಬೇತಿ ಗುಂಪು ಕಟ್ಟಿದ್ರು. ಇಂಥಾ ತರಬೇತಿ ಇಲ್ಲದಾಂವನ್ನ ಗಂಭೀರ ಮಂದಿ ಜೋಡಿ ಕರಕೊಂಡು ನೀರಿಗೆ ಇಳಿಯೂದಿಲ್ಲ.

ಉಣಕಲ್ ಕೆರಿ · ಸೋಮವಾರ, ಸಂಜೆ 5:02

ಹಂಗಾರ ದಿನಾ ಈಜುಕೊಳದಾಗ ನೀರಿನ ಕೆಳಗ ಉಸಿರು ಹಿಡದು ಕೂಡ್ಲಿ. ಇಳಿಯೂದಕ್ಕ ಮೊದಲ ಜೋರಾಗಿ ಇಪ್ಪತ್ತು ಸಲ ಉಸಿರಾಡಿದ್ರ ಭಾಳ ಹೊತ್ತು ಹಿಡಿಯಾಕ ಬರ್ತೈತಿ.

ಕೆಳಗೇರಿ ದಂಡಿ · ಸೋಮವಾರ, ಸಂಜೆ 5:10

ಇದನ್ನ ಓದಿ ಯಾರೂ ಮಾಡಬ್ಯಾಡ್ರಿ, ಕೈ ಮುಗೀತೀನಿ. ಉಸಿರು ಬೇಕು ಅನ್ನೂ ತಳಮಳ ಹುಟ್ಟೂದು ಆಮ್ಲಜನಕ ಕಡಿಮಿ ಆಗಿ ಅಲ್ಲ, ಕಾರ್ಬನ್ ಡೈಆಕ್ಸೈಡ್ ಹೆಚ್ಚಾಗಿ. ಜೋರ ಜೋರ ಉಸಿರಾಡಿದ್ರ ಆ ಅನಿಲ ತೊಳದು ಹೋಗ್ತದ, ಆಮ್ಲಜನಕ ಏನೂ ಹೆಚ್ಚಾಗೂದಿಲ್ಲ. ಗಂಟಿ ಬಾರಿಸೂ ಮೊದಲೇ ದೀಪ ಆರತದ. ನೀರಾಗ ಎಚ್ಚರ ತಪ್ಪಿದ್ರ ಸದ್ದೂ ಇರೂದಿಲ್ಲ, ಮೂರಡಿ ನೀರೂ ಸಾಕು. ಭಾವಿ, ಕೆರಿ, ಕೊಳ ಎಲ್ಲೇ ಆಗ್ಲಿ, ಒಬ್ಬನೇ ಉಸಿರು ಹಿಡಿಯೂದು ಬ್ಯಾಡ. ಕಟ್ಟಿ ಮ್ಯಾಲೆ ಮೊಬೈಲ್ ಹಿಡದು ಕೂತಾಂವ ಜೊತಿಗಾರ ಅಲ್ಲ.

ಮಾಡೂದಾದ್ರ ಒಣ ನೆಲದ ಮ್ಯಾಲೆ, ಚಾಪಿ ಹಾಕಿ ಮಲಗಿ. ಅಂವಗ ಆರಾಮಾಗಿ ಎರಡು ನಿಮಿಷ ಹಿಡಿಯಾಕ ಬರ್ತದ ಅಂತ ತಿಳಕೊಳ್ಳೂಣು. ಅದರ ಅರ್ಧ, ಒಂದು ನಿಮಿಷ, ಎಂಟು ಸಲ ಹಿಡೀಬೇಕು. ಪ್ರತಿ ಸಲದ ಮೊದಲಿನ ವಿರಾಮ: 2:00, 1:45, 1:30, 1:15, 1:00, 0:45, 0:30, 0:15. ವಿರಾಮದಾಗ ಸಾದಾ ಉಸಿರು. ಕಡೀ ಎರಡು ಸುತ್ತಿನ್ಯಾಗ ಹೊಟ್ಟಿ ಎಳಕೊಂಡಂಗ ಆಗ್ತದ, ಗಾಬರಿ ಆಗದ ಅದನ್ನ ತಡಕೊಳ್ಳೂದೇ ಇಲ್ಲಿಯ ಪಾಠ. ವಾರಕ್ಕ ಎರಡು–ಮೂರು ದಿನ ಸಾಕು. ಎದಿ ತೊಂದ್ರಿ, ಮೂರ್ಛೆ ಕಾಯಿಲೆ ಇದ್ದವ್ರು ಬ್ಯಾಡ.

ಉಣಕಲ್ ಕೆರಿ · ಸೋಮವಾರ, ಸಂಜೆ 5:25

ತಪ್ಪಾತ್ರಿ. ಮ್ಯಾಲಿನ ಮಾತು ಹಿಂದಕ್ಕ ತಗೊಂಡೀನಿ, ಯಾರೂ ಮಾಡಬ್ಯಾಡ್ರಿ.

ಎರಡನೇ ಗೇರ್ · ಸೋಮವಾರ, ರಾತ್ರಿ 9:30

ಎಲ್ಲಾರೂ ಬೋರ್ಡ್ ಮ್ಯಾಲೆ ನಿಂತಾಂವನ್ನ ನೋಡ್ತಾರ, ಜೆಟ್ ಸ್ಕೀ ಓಡಿಸೂವಾಂವನ್ನ ಯಾರೂ ಕೇಳೂದಿಲ್ಲ. ವೃತ್ತಿಯೊಳಗ ಹೊಗಾಕ ಆ ಬಾಗಲಾನೂ ಐತಿ ಅನ್ನೂದು ನನ್ನ ಅಂಬೋಣ.

ನಜಾರೆಯಂಥಾ ಜಾಗದಾಗ ಒಬ್ಬ ಸವಾರನ ಹಿಂದ ಎಳಿಯೂ ಸ್ಕೀ ಒಂದು, ಬಿದ್ದಾಗ ಎತ್ತಾಕ ಒಂದು ಇಲ್ಲಾ ಎರಡು, ಗುಡ್ಡದ ಮ್ಯಾಲೆ ವಾಕಿಟಾಕಿ ಹಿಡದು ನಿಂತು ಅಲೆ ಎಣಿಸೂವಾಂವ ಒಬ್ಬ. ಹವಾಯಿಯ ಜಾಸ್ ಮತ್ತ ಮಾವೆರಿಕ್ಸ್‌ನ್ಯಾಗ ಅಲೆ ಒಡೆಯೂ ಜಾಗದ ಬಾಜೂಕ ಆಳದ ಗಲ್ಲಿ ಐತಿ, ಸ್ಕೀ ಅಲ್ಲಿ ಕಾಯಬಹುದು. ನಜಾರೆ ಮರಳು ತಳ, ಹಂಗ ನಂಬೂವಂಥಾ ಗಲ್ಲಿ ಇಲ್ಲ, ನೊರೆಯೊಳಗೇ ನುಗ್ಗಿ ಎತ್ತಬೇಕು.

ಕೆಡೂದು ಎಲ್ಲಿ ಅಂದ್ರ: ಸ್ಕೀ ಅಡಿಯಿಂದ ನೀರು ಎಳದು ಹಿಂದ ಚಿಮ್ಮಸ್ತೈತಿ. ನೊರೆ ನೀರಾಗ ಗಾಳಿ ಹೆಚ್ಚು, ಪಂಖಾಕ್ಕ ಹಿಡಿತ ಸಿಗೂದಿಲ್ಲ, ಎಂಜಿನ್ ಹುಯ್ಯ್ ಅಂತ ಕೂಗ್ತೈತಿ, ಗಾಡಿ ಮುಂದ ಸರಿಯೂದಿಲ್ಲ. ಆವಾಗ ಥ್ರಾಟಲ್ ಹಿಂಡಿದಷ್ಟೂ ಕೆಲಸ ಕೆಡ್ತೈತಿ. ಸ್ವಲ್ಪ ಬಿಟ್ಟು, ಹಿಡಿತ ಬಂತು ಅಂದ ಮ್ಯಾಲೆ ಕೊಡಬೇಕು, ಕೆಸರಾಗ ಸಿಕ್ಕ ಟ್ರ್ಯಾಕ್ಟರಿನಂಗ. ಇನ್ನೊಂದು, ಎಳಿಯೂ ಹಗ್ಗ ಸಡ್ಲಾಗಿ ಅಡಿ ಬಾಯಿಗೆ ಹೊಕ್ಕು ಪಂಖಾಕ್ಕ ಸುತ್ಕೋತೈತಿ, ಸ್ಕೀ ಅಲ್ಲೇ ಬಂದ್. ಅದಕ್ಕ ಸವಾರ ಹಗ್ಗ ಬಿಟ್ಟ ಮ್ಯಾಲೆ ಸ್ಕೀ ತಿರುಗಿಸೂವಾಗ ಹಗ್ಗ ಎಲ್ಲೈತಿ ಅಂತ ನೋಡೂದು ಮೊದಲನೇ ನಿಯಮ. ಟ್ಯಾಂಕ್ ಸುಮಾರು 70 ಲೀಟರ್, ಪೂರ್ತಿ ತುಂಬಿಸೇ ಇಳಿಯೂದು. ಓಡಿಸೂವಾಂವನ ಕೈಗೆ ಕಟ್ಟಿದ ದಾರ ಸ್ವಿಚ್ಚಿನಿಂದ ಕಿತ್ತು ಬಂದ್ರ ಎಂಜಿನ್ ನಿಂದರ್ತೈತಿ. ಬಿಚ್ಚಿ ಓಡಿಸಿದ್ರ, ಬಿದ್ದಾಗ ಗಾಡಿ ತಾನೇ ಓಡಿ ಹೋಗ್ತೈತಿ.

ಸ್ಕೀ ಹಿಂದ ಹಿಡಿಕಿ ಇರೂ ಸ್ಲೆಡ್, ಅಂದ್ರ ತೇಲೂ ಹಾಸು, ಕಟ್ಟಿರ್ತಾರ. ಬಿದ್ದಾಂವ ಒಂದ ಸಲಕ್ಕ ಹಿಡಿಕಿ ಹಿಡಕೋಬೇಕು, ಮುಂದಿನ ಅಲೆಗೂ ನಿಮಗೂ ನಡುವ ಇರೂದು ಹತ್ತು ಸೆಕೆಂಡಿಗಿಂತ ಕಡಿಮಿ. ಅದು ಇಬ್ಬರೂ ಕೂಡಿ ಸಣ್ಣ ನೀರಾಗ ನೂರಾರು ಸಲ ಮಾಡಿದ್ರಷ್ಟ ಬರ್ತೈತಿ. 2013ರ ಅಕ್ಟೋಬರಿನ್ಯಾಗ ಮಾಯಾ ಗಬೈರಾ ನಜಾರೆಯೊಳಗ ಎಚ್ಚರ ತಪ್ಪಿದಾಗ ಕಾರ್ಲೋಸ್ ಬುರ್ಲೆ ದಂಡಿಗೆ ಎಳಕೊಂಡು ಬಂದು ಮರಳಿನ ಮ್ಯಾಲೆ ಸಿಪಿಆರ್ ಮಾಡಿ ಉಳಿಸಿದ್ರು. 2020ರ ಫೆಬ್ರವರಿಯೊಳಗ ಅದೇ ಜಾಗದಾಗ ಆಕಿ 22.4 ಮೀಟರ್ ಅಲೆ ಏರಿ ಮಹಿಳಾ ದಾಖಲೆ ಮಾಡಿದ್ರು. ಎಲ್ಲಾರೂ ಉಳಿಯೂದಿಲ್ಲ. 2023ರ ಜನವರಿಯೊಳಗ ಮಾರ್ಸಿಯೋ ಫ್ರೈರೆ, ಅಷ್ಟು ಅನುಭವ ಇದ್ದವ್ರು, ಅಲ್ಲೇ ತೀರಿಕೊಂಡ್ರು.

ಸಿಪಿಆರ್ ಅಂದ ಮ್ಯಾಲೆ: ಮುಳುಗಿದವ್ರಿಗೆ ಬರೇ ಎದಿ ಒತ್ತೂದಲ್ಲ, ಬಾಯಿಂದ ಉಸಿರು ಕೊಡೂದು ಬೇಕs ಬೇಕು. ಅವರ ಹೃದಯ ನಿಂತದ್ದು ಆಮ್ಲಜನಕ ಇಲ್ಲದ. ಹುಡುಗ ಮೊದಲನೇ ಸರ್ಟಿಫಿಕೇಟ್ ಇದರದ್ದೇ ತಗೊಳ್ಳಲಿ.

ಬೆಟಗೇರಿ ಮಗ್ಗ · ಮಂಗಳವಾರ, ಬೆಳಿಗ್ಗೆ 7:45

ಎಲ್ಲಾರೂ ಇಷ್ಟು ಬಿಡಿಸಿ ಹೇಳೀರಿ, ಭಾಳ ಉಪಕಾರಾತು. ಹುಡುಗನೂ ಓದ್ಯಾನ, ನಿನ್ನೆ ರಾತ್ರಿ 59 ತಾಸಿನ ಲೆಕ್ಕ ತಾನೇ ಮಾಡಿ ತೋರಿಸಿದ. ಇನ್ನ ಎರಡು ಪ್ರಶ್ನೆ. ರೊಕ್ಕದ ದಾರಿ ಒಂದಿಷ್ಟು ಬಿಡಿಸಿ ಹೇಳ್ರಿ. ಮತ್ತ ಮೊದಲನೇ ವರ್ಷ ಏನ ಮಾಡಬೇಕು?

ನೃಪತುಂಗ ಬೆಟ್ಟ · ಮಂಗಳವಾರ, ಮಧ್ಯಾಹ್ನ 1:20

ರೊಕ್ಕ: ಬಟ್ಟಿ, ಗಡಿಯಾರ, ಕಾರು ಕಂಪನಿ ಕೊಡೂ ಪ್ರಾಯೋಜಕತ್ವ, ವಿಡಿಯೋ, ಭಾಷಣ, ಸುರಕ್ಷತಾ ತರಬೇತಿ, ಜೀವರಕ್ಷಕ ಕೆಲಸ. ಬಹುಮಾನದ ರೊಕ್ಕ ನಂಬಬ್ಯಾಡ್ರಿ. ವಿಶ್ವ ಸರ್ಫ್ ಲೀಗಿನ ದೊಡ್ಡ ಅಲೆ ಟೂರ್ ಕೆಲವೇ ವರ್ಷ ನಡೆದು 2019ರ ಹೊತ್ತಿಗೆ ನಿಂತಿತು. ಈಗ ಬಿಡಿ ಸ್ಪರ್ಧೆ, ಅದೂ ಆಮಂತ್ರಣ ಇದ್ದವ್ರಿಗೆ, ಅದೂ ಅಲೆ ಬಂದ್ರ.

ಖರ್ಚಿನೊಳಗ ಯಾರೂ ಹೇಳದ್ದು ವೀಸಾ. ಚಂಡಮಾರುತ ಮೂರ್ನಾಕು ದಿನ ಮೊದಲ ಗೊತ್ತಾಗ್ತೈತಿ, ಆವಾಗ ಅರ್ಜಿ ಹಾಕಿದ್ರ ಆಗೂದಿಲ್ಲ. ಪೋರ್ಚುಗಲ್ಲಿಗೆ ಹಲವು ಸಲ ಹೋಗಿ ಬರೂ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಕ್ಕ ಕೂಡಿ ಒಂದೇ) ಬೇಕು, ಅದರಾಗೂ 180 ದಿನದೊಳಗ 90 ದಿನದ ಮಿತಿ. ಅಲ್ಲಿ ಹಂಗಾಮು ಅಕ್ಟೋಬರಿನಿಂದ ಮಾರ್ಚ್, ಹಿಂಗಾಗಿ ಅರ್ಧ ಹಂಗಾಮು ಅಷ್ಟ ಕೈಗೆ. ಗನ್ ಬೋರ್ಡು ಹತ್ತಡಿ, ಎಷ್ಟೋ ವಿಮಾನದಾಗ ತಗೊಳ್ಳೂದಿಲ್ಲ. ಬೋರ್ಡು ಅಲ್ಲೇ ಇಡೂ ವ್ಯವಸ್ಥಾ ಮಾಡಿಕೋಬೇಕು.

ದೇಶದೊಳಗ ದಾರಿ ಇಲ್ಲಂತಲ್ಲ. ಭಾರತೀಯ ಸರ್ಫಿಂಗ್ ಫೆಡರೇಷನ್ ಸ್ಪರ್ಧೆ ನಡಸ್ತೈತಿ, ಮಂಗಳೂರು ಹತ್ರ ಸಸಿಹಿತ್ಲಿನ್ಯಾಗ ಇಂಡಿಯನ್ ಓಪನ್ ಆಗ್ತೈತಿ. 2025ರ ಆಗಸ್ಟಿನ್ಯಾಗ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಶಿಪ್‌ನ್ಯಾಗ ನಮ್ಮ ಕರ್ನಾಟಕ ಮೂಲದ ರಮೇಶ್ ಬುದಿಹಾಳ ಕಂಚು ಗೆದ್ರು. ಅದು ಸಣ್ಣ ಅಲೆಯ ಸರ್ಫಿಂಗ್, ಖರೆ. ಆದ್ರ ಸಣ್ಣದು ಬರದ ದೊಡ್ಡದು ಬರೂದಿಲ್ಲ.

ಕಾಳಿ ಹೊಳಿ · ಮಂಗಳವಾರ, ರಾತ್ರಿ 8:05

ಮೊದಲನೇ ವರ್ಷ ಹಿಂಗ ಹಾಕ್ಕೋಬಹುದು. ಜೂನ್‌ನಿಂದ ಸೆಪ್ಟೆಂಬರ್ ಸಮುದ್ರಕ್ಕ ಹೋಗೂದೇ ಬ್ಯಾಡ. ಜೂನ್–ಜುಲೈ ಮೀನುಗಾರಿಕಿ ದೋಣಿನೂ ಇಳಿಯೂದಿಲ್ಲ ಅಂದ್ರ ತಿಳಕೋರಿ. ಆ ಹೊತ್ತಿನ್ಯಾಗ ಕೊಳದಾಗ ಈಸು: ವಾರಕ್ಕ ನಾಕು ದಿನ, ಒಂದೂವರೆ–ಎರಡು ಕಿಲೋಮೀಟರ್, ಅದರಾಗ 50 ಮೀಟರ್ ಜೋರು ಎಂಟು ಸಲ. ಮಲ್ಲಕಂಬ ಬಿಡಸಬ್ಯಾಡ್ರಿ, ತಲಿಕೆಳಗಾದಾಗ ಗಾಬರಿ ಆಗದ ಮೈ ಅದು. ಭುಜ, ಹೊಟ್ಟಿ, ಹಿಡಿತ ಎಲ್ಲಾ ಅದರಾಗ ಬಂದದ. ಗರಡಿ ಮನಿಯ ದಂಡ, ಬೈಠಕ್ ಸೇರಿಸ್ರಿ, ಕಾಲಿಗೆ ಬೇಕು.

ದಾಂಡೇಲಿ ಕಡೆ ಕಾಳಿಯೊಳಗ ರ‍್ಯಾಫ್ಟಿಂಗ್ ನಡದಾಗ, ಮಾರ್ಗದರ್ಶಕರ ಜೋಡಿ, ಜಾಕೀಟು ಹಾಕ್ಕೊಂಡು ಬಿಳೀ ನೀರಾಗ ತೇಲೂದು ಕಲೀಲಿ: ಮ್ಯಾಲೆ ಮುಖ ಮಾಡಿ, ಕಾಲು ಮುಂದ. ನೊರೆ ಅಂದ್ರೇನು ಅನ್ನೂದು ಮೈಗೆ ಗೊತ್ತಾಗ್ತದ.

ಅಕ್ಟೋಬರ್ ಆದ ಮ್ಯಾಲೆ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳದು ಅಂಕೋಲಾ, ಗೋಕರ್ಣ. ಹುಬ್ಬಳ್ಳಿಯಿಂದ ಮೂರೂವರೆ ತಾಸು. ಗೋಕರ್ಣ, ಮುರ್ಡೇಶ್ವರ, ಕೋಡಿ ಬೆಂಗ್ರೆ, ಮೂಲ್ಕಿ ಕಡೆ ಕಲಿಸೂವ್ರು ಅದಾರ. ಮೂಲ್ಕಿಯೊಳಗ 2004ರಿಂದ ನಡದದ. ತಿಂಗಳಿಗೆ ಒಂದು ಭಾನುವಾರ ಹೋಗಿ ಬರೂದಕ್ಕಿಂತ ಒಮ್ಮೆಲೆ ಹದಿನೈದು ದಿನ ಇದ್ದು ಕಲಿಯೂದು ಚಲೋ, ಇಲ್ಲಂದ್ರ ಪ್ರತಿ ಸಲ ಎದ್ದು ನಿಂದ್ರೂದೇ ಪಾಠ ಆಗ್ತದ.

ಬೆಟಗೇರಿ ಮಗ್ಗ · ಮಂಗಳವಾರ, ರಾತ್ರಿ 8:22

ಆನ್‌ಲೈನಿನ್ಯಾಗ ಆರಡಿ ಬೋರ್ಡು ಸ್ವಸ್ತಾ ಸಿಗಾಕತ್ತೈತಂತ, ತಗೊಂಬಿಡ್ಲೇನು ಅಂತಾನ.

ಕಾಳಿ ಹೊಳಿ · ಮಂಗಳವಾರ, ರಾತ್ರಿ 8:40

ಬ್ಯಾಡ ಅನ್ರಿ. ಆರಡಿ ಬೋರ್ಡು ಹೊಸಬನ ಭಾರಕ್ಕ ಮುಳುಗತದ, ನಮ್ಮ ಸಣ್ಣ ಅಲೆಗೆ ಸರಿಯೂದೂ ಇಲ್ಲ. ಮೊದಲ ಆರು ತಿಂಗಳು ಕಲಿಸೂವ್ರ ಹತ್ರ ಇರೂ ಮೆತ್ತನ್ನ ಫೋಮ್ ಬೋರ್ಡು, ಎಂಟರಿಂದ ಒಂಬತ್ತಡಿ, ಬಾಡಿಗಿಗೆ. ಲೀಶ್ ಬೋರ್ಡಿನಷ್ಟೇ ಉದ್ದ ಇರಲಿ, ಮೋಟ ಇದ್ರ ಬೋರ್ಡು ಚಿಮ್ಮಿ ಬಂದು ಹಲ್ಲಿಗೆ ಬಡೀತದ. ನೀರಿನಿಂದ ಮ್ಯಾಲೆ ಬರೂವಾಗ ಒಂದು ಕೈ ತಲಿ ಮ್ಯಾಲೆ, ಯಾವಾಗಲೂ. ಆ ರೊಕ್ಕದಾಗ ಕೊಳದ ವರ್ಷದ ಪಾಸ್ ತಗಸ್ರಿ.

ಬೆಟಗೇರಿ ಮಗ್ಗ · ಮಂಗಳವಾರ, ರಾತ್ರಿ 8:44

ಪಾಸಿನ ಅರ್ಜಿ ನಾಳಿಗೇ ತರಸ್ತೀನ್ರಿ.